ಏಕಾದಶಿಯಂದು ರಕ್ತ ಹೇಳುವ ಲೆಕ್ಕ

ಗಾಂಧಿಬಜಾರಿನಿಂದ ದಕ್ಷಿಣಕ್ಕೆ ನಡೆದರೆ ಎನ್.ಆರ್. ಕಾಲೊನಿ, ಅದರ ಮಗ್ಗುಲಲ್ಲೇ ತ್ಯಾಗರಾಜನಗರ. ಏಕಾದಶಿಯಂದು ಇಲ್ಲಿನ ಹಲವು ಮನೆಗಳಲ್ಲಿ ಅನ್ನ ಬೇಯುವುದಿಲ್ಲ. ಅಜ್ಜ ಅಜ್ಜಿಯರದು ದ್ವಾದಶಿಯ ಪಾರಣೆಯವರೆಗಿನ ವ್ರತ. ಅನ್ನ, ಸಕ್ಕರೆ ಬಿಟ್ಟು ಕೊಬ್ಬನ್ನೇ ನೆಚ್ಚುವ 'ಕೀಟೊ' ಪಥ್ಯದವರ ಉಪವಾಸ ಹೊಸ ಕಾಲದ್ದು. ಉದ್ದೇಶ ಬೇರೆಯಾದರೂ ದೇಹದೊಳಗಿನ ಕ್ರಿಯೆ ಒಂದೇ.

ಊಟ ಮಾಡಿದವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ದಾಸ್ತಾನಿರುತ್ತದೆ. ಒಂದು ದಿನದ ಉಪವಾಸದಲ್ಲಿ ಅದು ಬಹುಪಾಲು ಕರಗುತ್ತದೆ. ಆಗ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸಿ, ಮಿದುಳಿಗೂ ಸ್ನಾಯುಗಳಿಗೂ ಉರುವಲಾಗಿ ಒದಗಿಸುತ್ತದೆ. ಆರೋಗ್ಯವಂತರಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಸಕ್ಕರೆ 70ರಿಂದ 100 ಮಿಲಿಗ್ರಾಂ ಇದ್ದು, ಕೀಟೋನ್ ಲೀಟರಿಗೆ 1 ಅಥವಾ 2 ಮಿಲಿಮೋಲ್ ಕಂಡರೆ ಗಾಬರಿ ಬೇಡ. ಇನ್ಸುಲಿನ್ ಎಂಬ ಕಡಿವಾಣ ಅಲ್ಲಿದೆ.

ಇನ್ಸುಲಿನ್ ಸಾಲದ ಮಧುಮೇಹಿಯಲ್ಲಿ ಆ ಕಡಿವಾಣ ಸಡಿಲ. ಸಕ್ಕರೆ 200 ದಾಟಿ ಕೀಟೋನೂ 3 ಮುಟ್ಟಿದರೆ ರಕ್ತ ಆಮ್ಲೀಯವಾಗುತ್ತಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರಂತೂ ಆಸ್ಪತ್ರೆಗೆ ಹೊರಡಲು ತಡಮಾಡಬಾರದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರಲ್ಲಿ ಸಕ್ಕರೆ ಹೆಚ್ಚಾಗದೆಯೂ ಈ ಅಪಾಯ ಬರಬಹುದು. ಆದ್ದರಿಂದ ಎರಡು ಅಂಕಿಗಳನ್ನೂ ಜೊತೆಯಾಗಿಯೇ ಓದಬೇಕು.

ಇನ್ಸುಲಿನ್ ಚುಚ್ಚಿಕೊಳ್ಳುವವರ ಸಕ್ಕರೆ 70ಕ್ಕಿಂತ ಇಳಿದರೆ ಪಾರಣೆಗೆ ಕಾಯದೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಮಧುಮೇಹಿಗಳು ವೈದ್ಯರನ್ನು ಕೇಳದೆ ಉಪವಾಸಕ್ಕೆ ಇಳಿಯಲೇಬಾರದು. ಅಜ್ಜನ ಕೈಯಲ್ಲಿರುವ ಮೀಟರಿನ ಅಂಕಿಯನ್ನು ಅರ್ಥಮಾಡಿಕೊಂಡು ಸಕಾಲದಲ್ಲಿ ಎಚ್ಚರಿಸುವ ಮೊಮ್ಮಗಳಿದ್ದರೆ, ಅವಳು ಶಾಲೆಯಲ್ಲಿ ಕಲಿತ ಜೀವಶಾಸ್ತ್ರ ಸಾರ್ಥಕ.