ಬರ್ಕೊಳ್ಳಿ ಟೀಚರ್, ಏಳು ಬೆಟ್ಟ

ಒಗಟು ಹೇಳುವವರಿಗೆ ಉತ್ತರ ಗೊತ್ತಿರುತ್ತದೆ. ಕೇಳುವವರು ಸೋತರೆ ಅವರೇ ಬಿಡಿಸಿ ಹೇಳುತ್ತಾರೆ. ಆದರೆ ಎದುರಿನವರು ಎಷ್ಟೇ ಸೋತರೂ ಉತ್ತರವನ್ನು ಬಾಯಿಬಿಟ್ಟು ಹೇಳುವಂತಿಲ್ಲ ಎನ್ನುವ ಕಟ್ಟಳೆ ಒಂದೇ ಬಗೆಯ ಒಗಟಿಗಿದೆ. ಅದು ಗಂಡನ ಹೆಸರಿನ ಒಗಟು.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಂದು ಹಬ್ಬದ ರೂಪವೇ ಇದೆ. ಮದುವೆ, ಸೀಮಂತಗಳಲ್ಲಿ ಹೆಣ್ಣುಮಕ್ಕಳು ಸುತ್ತ ಕೂತು ‘ಹೆಸರು ಹೇಳು’ ಎಂದು ಪೀಡಿಸುತ್ತಾರೆ, ಮದುಮಗಳು ಪ್ರಾಸ ಕಟ್ಟಿ, ಆ ಪ್ರಾಸದ ಮಡಿಲಲ್ಲಿ ಗಂಡನ ಹೆಸರಿಟ್ಟು ‘ಒಡಪು’ ಹೇಳುತ್ತಾಳೆ. ನಮ್ಮ ಕೋಲಾರದ ಕಡೆ ನಾನು ಕಂಡದ್ದು ಇಷ್ಟು ಅಲಂಕಾರದ್ದಲ್ಲ. ಇಲ್ಲಿ ಸುಳಿವು ಕೊಡುತ್ತಾರೆ, ಉಳಿದದ್ದು ನೀವು ಊಹಿಸಿಕೊಳ್ಳಬೇಕು. ನಮ್ಮ ತಾತನ ಹೆಸರಲ್ಲಿ ‘ಸೋಮ’ ಇತ್ತು. ಹಾಗಾಗಿ ಅಜ್ಜಿಯ ವಾರದಲ್ಲಿ ಆರೇ ದಿನ. ಏಳನೆಯದು ‘ಭಾನುವಾರದ ಮಾರನೇ ದಿನ’. ಸಂತೆಗೆ ಹೋಗುವುದು, ಸಾಲ ತೀರಿಸುವುದು, ನೆಂಟರು ಬರುವುದು ಎಲ್ಲವೂ ಆ ಮಾರನೇ ದಿನವೇ. ಚಿಕ್ಕವರಾದ ನಮಗೆ ಅದೇ ಆ ದಿನದ ನಿಜವಾದ ಹೆಸರು ಎನ್ನಿಸಿತ್ತು.

ಈ ಆಟವನ್ನು ನಾನು ಪೂರ್ತಿಯಾಗಿ ಆಡಿದ್ದು 2011ರ ಫೆಬ್ರವರಿಯಲ್ಲಿ, ಜನಗಣತಿಯ ಕೆಲಸದಲ್ಲಿ. 9ರಿಂದ 28ರವರೆಗೆ ಇಪ್ಪತ್ತು ದಿನ, ಶಾಲೆ ಮುಗಿಸಿಕೊಂಡು ಆಂಡರ್ಸನ್‌ಪೇಟೆಯ ಒಂದು ಭಾಗದ ಮನೆಮನೆಗೆ ಹೋಗಬೇಕಿತ್ತು. ನಮೂನೆಯಲ್ಲಿ 29 ಪ್ರಶ್ನೆಗಳು. ವಲಸೆ, ದುಡಿಮೆ, ಮಾತೃಭಾಷೆ ಮುಂತಾದ ಕಷ್ಟದ ಪ್ರಶ್ನೆಗಳ ಬಗ್ಗೆ ತರಬೇತಿಯಲ್ಲಿ ಗಂಟೆಗಟ್ಟಲೆ ಹೇಳಿಕೊಟ್ಟಿದ್ದರು. ಮೊದಲನೆಯ ಪ್ರಶ್ನೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅದು ‘ವ್ಯಕ್ತಿಯ ಹೆಸರು’. ಮನೆಯ ಮುಖ್ಯಸ್ಥರಿಂದ ಶುರು ಮಾಡಬೇಕು. ಮುಖ್ಯಸ್ಥರು ಸಾಮಾನ್ಯವಾಗಿ ಗಂಡಸರು, ಅವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿ. ಬಾಗಿಲಲ್ಲಿ ಸಿಗುವವರು ಹೆಂಗಸರು.

“ಯಜಮಾನರ ಹೆಸರೇನಮ್ಮ?”

“ಅಯ್ಯೋ, ಅಂಗ್ ಕೇಳಿದ್ರೆ ಎಂಗ್ ಯೋಳೋದು ಟೀಚರ್? ತಿರುಪತೀಲಿ ಇದಾರಲ್ಲ, ಅವ್ರು. ಬರ್ಕೊಳ್ಳಿ.”

ವೆಂಕಟೇಶ? ತಲೆ ಅಲ್ಲಾಡಲಿಲ್ಲ. ಶ್ರೀನಿವಾಸ? ಅಷ್ಟರಲ್ಲಿ ಪಕ್ಕದ ಮನೆಯವರು ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಬಂದು ನಿಂತರು. ವೆಂಕಟರಮಣ? ತಿಮ್ಮಪ್ಪ? ಆಕೆ ನಗುತ್ತಾ ಏಳು ಬೆರಳು ತೋರಿಸಿದರು. ನೀರಿನ ಕೊಡದವರು ಕೂಡಲೇ ಹೇಳಿದರು, “ಏಳುಮಲೈ!” ಹೌದು ಎಂದೂ ಹೇಳುವಂತಿಲ್ಲ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಬರ್ಕೊಳ್ಳಿ” ಎಂದರು. ಅದೇ ಉತ್ತರ ಸರಿ ಎಂಬುದಕ್ಕೆ ಗುರುತು.

ಇಲ್ಲೇ ಒಂದು ಮಾತು ಹೇಳಬೇಕು. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಗಳಿಂದ ಪಡೆದ ವಿವರಗಳು ಗುಪ್ತ. ಆದ್ದರಿಂದ ಸುಳಿವುಗಳನ್ನೂ ಹೆಸರುಗಳನ್ನೂ ಕಲಸಿ, ಬೇರೆ ಬೇರೆ ಮನೆಗೆ ಹಂಚಿ ಬರೆಯುತ್ತಿದ್ದೇನೆ. ಯಾರೂ ತಮ್ಮ ಮನೆಯನ್ನು ಹುಡುಕಬೇಡಿ.

ಆಂಡರ್ಸನ್‌ಪೇಟೆಯಲ್ಲಿ ಈ ಆಟ ಬೇರೆ ಊರುಗಳಿಗಿಂತ ಕಷ್ಟ, ಅದಕ್ಕೇ ಹೆಚ್ಚು ಸೊಗಸು. ಚಿನ್ನದ ಗಣಿಗಾಗಿ ಬಂದ ತಮಿಳರು, ತೆಲುಗರು, ಇಲ್ಲಿಯವರೇ ಆದ ಕನ್ನಡಿಗರು, ಉರ್ದು ಮಾತಾಡುವವರು ಒಂದೇ ಬೀದಿಯಲ್ಲಿದ್ದಾರೆ. ಸುಳಿವು ಒಂದು ಭಾಷೆಯಲ್ಲಿರುತ್ತದೆ, ಹೆಸರು ಇನ್ನೊಂದರಲ್ಲಿ. ‘ಆರು ಮುಖ’ ಎಂದರೆ ಷಣ್ಮುಖನೂ ಆಗಬಹುದು, ಆರುಮುಗಂ ಕೂಡ ಆಗಬಹುದು. ‘ಕಳೆದದ್ದು ಹುಡುಕಿಕೊಡುವ ಸಂತರು’ ಎಂದ ಕ್ರೈಸ್ತ ಅಜ್ಜಿಯ ಯಜಮಾನರು ಅಂತೋಣಿ ಎಂದು ಗೊತ್ತಾಗಲು ಚರ್ಚಿನ ನೊವೇನಾ ಗೊತ್ತಿರಬೇಕು.

ಎಲ್ಲಕ್ಕಿಂತ ಚೆನ್ನಾದ ಸುಳಿವು ಎಂದರೆ ಒಬ್ಬರು ಸೈನೈಡ್ ದಿಬ್ಬದ ಕಡೆಗೆ ಕೈ ತೋರಿಸಿ, “ಅದರೊಳಗಿಂದ ತೆಗೀತಿದ್ರಲ್ಲ, ಅದೇ” ಎಂದದ್ದು. ಈ ಊರಿನಲ್ಲಿ ಆ ಒಂದು ಸುಳಿವು ಇಡೀ ನಿಘಂಟನ್ನೇ ಬಿಚ್ಚುತ್ತದೆ. ಕನ್ನಡದಲ್ಲಾದರೆ ಹೊನ್ನಪ್ಪ. ತೆಲುಗಾದರೆ ಬಂಗಾರಯ್ಯ. ತಮಿಳಾದರೆ ತಂಗರಾಜ್, ತಂಗವೇಲು, ಪೊನ್ನುಸ್ವಾಮಿ. ಹಾಗಾದರೆ ಚಿನ್ನಪ್ಪ? ಅಲ್ಲೇ ಇರುವುದು ತಮಾಷೆ. ಕನ್ನಡದ ಕಿವಿಗೆ ಚಿನ್ನಪ್ಪ ಬಂಗಾರದ ಮನುಷ್ಯ. ತಮಿಳು, ತೆಲುಗಿನ ಕಿವಿಗೆ ಆತ ‘ಚಿಕ್ಕಪ್ಪ’, ಸಣ್ಣವನು. ಎದುರಾಬದುರು ಮನೆಯಲ್ಲಿ ಇಬ್ಬರು ಚಿನ್ನಪ್ಪಂದಿರಿದ್ದರೆ ಒಬ್ಬರ ಹೆಂಡತಿ ಮೂಗುತಿ ಮುಟ್ಟಿ ತೋರಿಸಬಹುದು, ಇನ್ನೊಬ್ಬರ ಹೆಂಡತಿ ‘ದೊಡ್ಡದಲ್ಲ’ ಎನ್ನಬಹುದು. ನಮೂನೆಯಲ್ಲಿ ಎರಡೂ ಒಂದೇ.

ಊರುಗಳ ಹೆಸರೂ ಇಲ್ಲಿ ಹೀಗೆಯೇ ಸುಳಿವು ಕೊಡುತ್ತವೆ. ರೈಲು ಬದಲಿಸುವ ಬಂಗಾರಪೇಟೆ ಮೊದಲು ಬೌರಿಂಗ್‌ಪೇಟೆಯಾಗಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು ಅದು. ಜನರ ಬಾಯಲ್ಲಿ ಬೌರಿಂಗ್ ಹೋಗಿ ಬಂಗಾರ ಬಂದರೂ ರೈಲ್ವೆಯವರ ಸ್ಟೇಷನ್ ಕೋಡ್ ಮಾತ್ರ ಇಂದಿಗೂ ‘ಬಿಡಬ್ಲ್ಯೂಟಿ’. ಟಿಕೆಟ್ಟಿನ ಮೇಲೆ ಹಳೆಯ ಹೆಸರಿನ ಮೂರು ಅಕ್ಷರ ಉಳಿದುಕೊಂಡಿವೆ, ಊಹಿಸುವವರಿಗೆ.

ಹೆಸರನ್ನು ಮರೆಮಾಡಿ ಗುರುತು ಉಳಿಸುವ ಕಲೆ ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ವಚನವೊಂದು ಯಾರದೆಂದು ನಾವು ತಿಳಿಯುವುದು ಅಂಕಿತದಿಂದ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ. ಅಂಬಿಗರ ಚೌಡಯ್ಯ ಮಾತ್ರ ಈ ಆಟಕ್ಕೆ ಬರುವುದಿಲ್ಲ, ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ನನಗೆ ಬೆರಗು ಹುಟ್ಟಿಸುವವಳು ಆಯ್ದಕ್ಕಿ ಲಕ್ಕಮ್ಮ. ಆಕೆಯ ಅಂಕಿತ ಶುರುವಾಗುವುದೇ ಗಂಡ ಮಾರಯ್ಯನ ಹೆಸರಿನಿಂದ. ಹನ್ನೆರಡನೆಯ ಶತಮಾನದ ಹೆಣ್ಣುಮಗಳು, ಬೀದಿಯಲ್ಲಿ ಬಿದ್ದ ಅಕ್ಕಿ ಆಯುವ ಕಾಯಕದ ಮನೆಯವಳು, ಗಂಡನ ಹೆಸರನ್ನು ವಚನ ವಚನದಲ್ಲೂ ಹೇಳಿದಳು. ಅದೇ ಹೆಸರು ಹಿಡಿದು ಅವನಿಗೆ ಬುದ್ಧಿಯನ್ನೂ ಹೇಳಿದಳು. ಆಮೇಲಿನ ಎಂಟು ನೂರು ವರ್ಷಗಳಲ್ಲಿ ಆ ಸಲಿಗೆ ಎಲ್ಲಿ ಹೋಯಿತು?

ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ನಂಬಿಕೆ. ಬೇರೆ ಊರಲ್ಲಿ ಕೂತು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದಂದಿನಿಂದ ಇಲ್ಲಿಯ ಗಂಡಸರು ಪಾಳಿಯ ಮೇಲೆ ಭೂಮಿಯೊಳಕ್ಕೆ ಇಳಿದರು. ಚಾಂಪಿಯನ್ ರೀಫ್‌ನಲ್ಲಿ ಆಳ 3 ಕಿಲೋಮೀಟರ್ ದಾಟಿತ್ತು. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು, ಅದನ್ನು ‘ರಾಕ್ ಬರ್ಸ್ಟ್’ ಎನ್ನುತ್ತಿದ್ದರು. ಮೇಲೆ ಮನೆಯ ಪಾತ್ರೆಗಳು ಅಲುಗಿದಾಗ ಒಲೆ ಮುಂದೆ ಕೂತ ಹೆಂಗಸಿಗೆ ತನ್ನ ಕೈಯಲ್ಲಿ ಮಾಡಲು ಏನಿತ್ತು? ಹೆಸರನ್ನು ಬಾಯಿಯೊಳಗೆ ಇಟ್ಟುಕೊಳ್ಳುವುದು, ಅಷ್ಟೇ. ಹೊರಗೆ ಬಿಡದಿದ್ದರೆ ಉಳಿದಾನು. ಬಂಡೆಯಿಂದ ಉಳಿದವರಿಗೆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸರಿಯಾಗಿ ಹತ್ತು ವರ್ಷಕ್ಕೆ, ಅದೇ ತಾರೀಖಿಗೆ, ನಮ್ಮ ಗಣತಿಯೂ ಮುಗಿಯಿತು.

ಮುಗಿಯಲು ಎರಡು ದಿನ ಇದೆ ಎನ್ನುವಾಗ ಗಣಿಯವರ ಹಳೆಯ ಲೈನ್ ಮನೆಯೊಂದರಲ್ಲಿ ಒಬ್ಬ ಅಜ್ಜಿ ಸಿಕ್ಕರು. ಒಬ್ಬರೇ ಇದ್ದರು. ನಾನು ಕೂತು ಪೆನ್ನು ತೆಗೆಯುವ ಮೊದಲೇ ಸುಳಿವು ಶುರು ಮಾಡಿದರು. “ಕೈಯಲ್ಲಿ ವೇಲು, ನವಿಲಿನ ಮೇಲೆ ಸವಾರಿ...” ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಆಯಸ್ಸು ಮುಗಿದ ಮೇಲೂ ಕಟ್ಟಳೆ ಮುಗಿದಿರಲಿಲ್ಲ. ನಾನೆಂದೆ, “ಅವರದ್ದು ಬೇಡ ಅಜ್ಜಿ. ಈ ಮನೆಗೆ ನೀವೇ ಮುಖ್ಯಸ್ಥರು. ನಿಮ್ಮ ಹೆಸರು ಹೇಳಿ.”

“ನನ್ ಹೆಸ್ರಾ?”

ಸುಮ್ಮನಾದರು. ಬಾಗಿಲಲ್ಲಿ ಅಷ್ಟರಲ್ಲೇ ಮೂವರು ಸೇರಿದ್ದರು. ಅಜ್ಜಿಯ ಕಣ್ಣಲ್ಲಿ ಏನೋ ಹೊಳೆಯಿತು. “ನೀರಿಲ್ದೆ ಬದುಕಲ್ಲ. ಎಲೆಗೆ ನೀರು ಅಂಟಲ್ಲ. ಯೋಳಿ ನೋಡಾನ.”

ತಾವರೆ ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ಹೂವು ಗೊತ್ತಾದರೆ ಹೆಸರು ಗೊತ್ತಾಗುವುದಿಲ್ಲವಲ್ಲ. ಕಮಲಮ್ಮ? ಪದ್ಮಾ? ಸರೋಜಮ್ಮ? ತಾಮರೈ? ಅಂಬುಜಾ? ಬೀದಿಯ ಎಲ್ಲ ಗಂಡಸರ ಹೆಸರನ್ನೂ ಬೆರಳ ಸನ್ನೆಯಲ್ಲೇ ಹಿಡಿಯುತ್ತಿದ್ದ ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಿಂದ ಗೋಡೆ ಹಂಚಿಕೊಂಡವರು ಆಕೆಯನ್ನು ಕರೆದದ್ದು ದೊಡ್ಡ ಮಗನ ಹೆಸರಿಗೆ ‘ಅಮ್ಮ’ ಸೇರಿಸಿ. ಅದಕ್ಕೂ ಮೊದಲು, ಇಂಥವರ ಹೆಂಡತಿ. ಒಬ್ಬರೂ ಈ ಒಗಟನ್ನು ಕೇಳಿರಲೇ ಇಲ್ಲ.

ಅಜ್ಜಿ ಸ್ವಲ್ಪ ಹೊತ್ತು ಕಾದರು. ಆಮೇಲೆ, “ಬುಡಿ, ನಾನೇ ಯೋಳ್ತೀನಿ. ಇದನ್ನ ಯೋಳಿದ್ರೆ ಯಾರ ಆಯಸ್ಸೂ ಕಮ್ಮಿ ಆಗಲ್ಲ” ಎಂದು ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ ಹೇಳಿದರು. ಮೇಲಿನ ಐದರಲ್ಲಿ ಅದೂ ಒಂದು. ಯಾವುದೆಂದು ಹೇಳಲು ಕಾಯ್ದೆ ಬಿಡುವುದಿಲ್ಲ.

ನಮ್ಮ ಮಕ್ಕಳ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಅದೂ ಒಂದು ಸುಳಿವೇ. ಎಂ. ಎಂದರೆ ಯಾರು, ಕೆ. ಎಂದರೆ ಯಾರು ಎಂದು ಕೇಳಿದರೆ ಅಪ್ಪನ ಹೆಸರು ಬರುತ್ತದೆ. ಅಮ್ಮನಿಗಾಗಲಿ ಅಜ್ಜಿಗಾಗಲಿ ಅಲ್ಲಿ ಒಂದಕ್ಷರದ ಜಾಗವೂ ಇಲ್ಲ. ಗಣತಿ ಮುಗಿದ ವಾರ ಎಂಟನೇ ತರಗತಿಗೆ ಒಂದು ಮನೆಕೆಲಸ ಕೊಟ್ಟೆ: ಅಜ್ಜಿಯ ಹೆಸರಿಗೆ ಒಂದು ಒಗಟು ಕಟ್ಟಿಕೊಂಡು ಬನ್ನಿ. ತಾತನ ಹೆಸರನ್ನು ಎಲ್ಲರೂ ಅಲ್ಲೇ ಹೇಳಬಲ್ಲವರಾಗಿದ್ದರು. ಅಜ್ಜಿಯದನ್ನು ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಗೆ ಹೋಗಿ ಕೇಳಬೇಕಾಯಿತು.

ಮಾರನೇ ದಿನ ಒಬ್ಬಳು ಒಗಟು ತಂದಿರಲಿಲ್ಲ, ಸುದ್ದಿ ತಂದಿದ್ದಳು. ಮನೆಯಲ್ಲಿ ಅವಳನ್ನು ‘ಪಾಪು’ ಎಂದೇ ಕರೆಯುತ್ತಾರೆ. ಹದಿಮೂರು ವರ್ಷವಾದರೂ ಪಾಪು ಎನ್ನುತ್ತಾರಲ್ಲ ಎಂದು ಅವಳಿಗೆ ಸಿಟ್ಟಿತ್ತು. ಅಜ್ಜಿಯ ಹೆಸರು ಕೇಳಿದಾಗ ಕಾರಣ ತಿಳಿಯಿತು. ಅಪ್ಪ ತನ್ನ ತಾಯಿಯ ಹೆಸರನ್ನೇ ಮಗಳಿಗೆ ಇಟ್ಟಿದ್ದರು, ಅಮ್ಮ ಅತ್ತೆಯ ಹೆಸರು ಹಿಡಿದು ಕೂಗುವಂತಿರಲಿಲ್ಲ. ಆ ಹೆಸರನ್ನು ಗಟ್ಟಿಯಾಗಿ ಕರೆಯುತ್ತಿದ್ದ ಜಾಗ ಒಂದೇ, ನಮ್ಮ ಶಾಲೆಯ ಹಾಜರಿ ಪುಸ್ತಕ. ಅಂದಿನಿಂದ ಹಾಜರಿ ಕೂಗುವಾಗ ನಾನು ಅವಸರ ಮಾಡುವುದನ್ನು ಬಿಟ್ಟೆ. ಒಂದೊಂದು ಹೆಸರನ್ನೂ ಪೂರ್ತಿ ಹೇಳಿ, ‘ಇದ್ದೇನೆ ಟೀಚರ್’ ಎಂಬ ಮಾತು ಬರುವವರೆಗೆ ಕಾಯುತ್ತೇನೆ.