ರುಚಿಯೂ ಮಿತಿಯೂ

ಒಂದು ಸಂಸಾರವನ್ನು ಕೆಡಿಸಿದ ವಸ್ತುವಿನ ಹೆಸರನ್ನು ಆ ಸಂಸಾರದವರು ಬಹುಕಾಲ ಎತ್ತುವುದಿಲ್ಲ. ರಾತ್ರಿಯ ವೇಳೆ ಹಾವೆನ್ನದೆ ಹುಳುವೆನ್ನುವ ಹಳ್ಳಿಗರಂತೆ, ಅವರು ‘ಅದು’ ಎಂದಷ್ಟೇ ಹೇಳಿ ಮಾತು ಮುಗಿಸುವರು. ಹೆಸರು ಹೋದಲ್ಲಿ ವಿಚಾರವೂ ಹೋಗುವುದು. ವಿಚಾರ ಹೋದಲ್ಲಿ ಭಯವೊಂದೇ ಉಳಿಯುವುದು. ಭಯವು ಮನುಷ್ಯನನ್ನು ಕಾಯುವುದೇನೋ ನಿಜ. ಆದರೂ ಅದು ಕಾವಲುಗಾರನೇ ಹೊರತು ಗುರುವಲ್ಲ; ಬಾಗಿಲನ್ನು ಮುಚ್ಚಬಲ್ಲುದು, ಒಳಗಿರುವುದೇನೆಂದು ತಿಳಿಸಲಾರದು.

ಹಾಸನದ ಸೀಮೆಯ ಗ್ರಾಮವೊಂದರಲ್ಲಿ ಹುಟ್ಟಿ, ಹದಿನೈದು ವರ್ಷಗಳಿಂದ ಅಮೆರಿಕೆಯ ಕೊಲರಾಡೋ ಸಂಸ್ಥಾನದ ಡೆನ್ವರ್ ನಗರದಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ಗೃಹಸ್ಥನೊಬ್ಬನ ಮನೆಯು ಇಂಥದು. ಆತನ ತಂದೆಯು ಧಾನ್ಯದ ಮಂಡಿಯಲ್ಲಿ ಗುಮಾಸ್ತನಾಗಿದ್ದನು. ಹಗಲೆಲ್ಲ ಲೆಕ್ಕದಲ್ಲಿ ಒಂದು ಕಾಸೂ ತಪ್ಪದವನು, ಸಂಜೆಯಾದರೆ ಸಾರಾಯಿ ಅಂಗಡಿಯನ್ನು ದಾಟಿ ಮನೆಗೆ ಬರಲಾರದವನು. ಹತ್ತು ವರ್ಷದ ಹುಡುಗನು ಟಾರ್ಚು ಹಿಡಿದು ತಂದೆಯನ್ನು ಕರೆತರಲು ಹೋಗುತ್ತಿದ್ದನು. ಆಗ ಸಾರಾಯಿಯು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮಾರಾಟವಾಗುತ್ತಿತ್ತು. ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಹರಿದು ಕುಡಿದು, ಅದು ಬರಿದಾದ ಮೇಲೆಯೂ ಎರಡು ಬೆರಳುಗಳಿಂದ ಕೆಳಗಿನಿಂದ ಮೇಲಕ್ಕೆ ನೀವಿ, ಕೊನೆಯ ಹನಿಯನ್ನು ತಂದೆಯು ನಾಲಗೆಗೆ ಬಿಟ್ಟುಕೊಳ್ಳುವುದನ್ನು ಹುಡುಗನು ಕಂಡಿದ್ದನು. ಬೈಗಳೂ ಹೊಡೆತಗಳೂ ಕಾಲಕ್ರಮದಲ್ಲಿ ಮರೆತುಹೋದವು. ಆ ಬೆರಳುಗಳು ಮರೆಯಲಿಲ್ಲ. ತಾಯಿಯ ಓಲೆ, ಹಿತ್ತಲಿನ ತೆಂಗಿನ ಫಸಲು, ಕಡೆಗೆ ಹಾಲು ಕರೆಯುವ ಹಸು, ಹೀಗೆ ಒಂದೊಂದಾಗಿ ಮನೆ ಬಿಟ್ಟವು. 1999ರಲ್ಲಿ ತಂದೆಯೂ ತೀರಿಕೊಂಡನು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಂತಿತು. ಆ ಸುದ್ದಿಯನ್ನು ಹೊತ್ತ ಪತ್ರಿಕೆಯನ್ನು ತಾಯಿಯು ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟಳು, ಏನೊಂದೂ ಹೇಳಲಿಲ್ಲ.

ಇಂಥ ಮನೆಯ ಮಗನಿಗೆ, 2024ರ ಅಕ್ಟೋಬರಿನಲ್ಲಿ, ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬನು ಬೀರಿನ ಉತ್ಸವಕ್ಕೆ ಬರುವಂತೆ ಆಹ್ವಾನವಿತ್ತನು. ಆ ಅಮೆರಿಕನನು ಪ್ರತಿವರ್ಷವೂ ಪತ್ನಿಯೊಡನೆ ಹೋಗುವ ವಾಡಿಕೆಯುಳ್ಳವನು. ಆ ಸಲ ಆಕೆಗೆ ಅಸ್ವಾಸ್ಥ್ಯವಾದ್ದರಿಂದ ಒಂದು ಟಿಕೆಟ್ಟು ಉಳಿದಿತ್ತು. ನಲವತ್ತನಾಲ್ಕು ವರ್ಷಗಳ ಜೀವಮಾನದಲ್ಲಿ ಮದ್ಯದ ಹನಿಯನ್ನೂ ಮುಟ್ಟದಿದ್ದ ಈತನು ಎರಡು ದಿನ ಉತ್ತರ ಹೇಳದೆ ಉಳಿದು, ಮೂರನೆಯ ದಿನ ಊರಿಗೆ ಫೋನು ಮಾಡಿ ತಾಯಿಯನ್ನೇ ಕೇಳಿದನು. ಆಕೆ ಬಹಳ ಹೊತ್ತು ಸುಮ್ಮನಿದ್ದಳು.

“ನಿನಗೆ ಬುದ್ಧಿ ಬಂದಿದೆ, ಮಗೂ. ನಿಮ್ಮಪ್ಪ ಕುಡಿದದ್ದಕ್ಕಿಂತ ಬಚ್ಚಿಟ್ಟದ್ದು ನನ್ನನ್ನು ಹೆಚ್ಚು ಸುಟ್ಟಿತು. ಹೋಗುವುದಾದರೆ ಹೋಗು, ಬಂದು ನನಗೆ ಹೇಳು” ಎಂದಳು.

ಅಪ್ಪಣೆಯೆಂದರೆ ಅಪ್ಪಣೆ, ಪರೀಕ್ಷೆಯೆಂದರೆ ಪರೀಕ್ಷೆ. ಈತನು ಹೊರಟನು. ಮರಳುವಾಗ ತಾನು ಗಾಡಿ ನಡೆಸುವ ಪ್ರಸಂಗವೇ ಬಾರದಿರಲೆಂದು ವಿದ್ಯುತ್ ರೈಲಿನಲ್ಲಿಯೇ ಹೋದನು.

ಆ ಉತ್ಸವಕ್ಕೆ ‘ಗ್ರೇಟ್ ಅಮೆರಿಕನ್ ಬೀರ್ ಫೆಸ್ಟಿವಲ್’ ಎಂದು ಹೆಸರು. ಅದರ ಹುಟ್ಟಿನ ಕಥೆಯು ಸ್ವಾರಸ್ಯವಾದುದು. 1920ರಿಂದ 1933ರವರೆಗೆ ಅಮೆರಿಕೆಯಲ್ಲಿ ಪಾನನಿರೋಧವಿದ್ದಿತು. ಅದು ತೆರವಾದ ಬಳಿಕ ಸಣ್ಣ ಭಟ್ಟಿಗಳು ಕ್ರಮೇಣ ಅಳಿದು, ಕೆಲವೇ ದೊಡ್ಡ ಕಂಪೆನಿಗಳು ಒಂದೇ ಬಗೆಯ ತಿಳಿಯಾದ ಬೀರನ್ನು ದೇಶಕ್ಕೆಲ್ಲ ಒದಗಿಸುತ್ತಿದ್ದವು. 1970ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ನೂರು ಭಟ್ಟಿಗಳೂ ಉಳಿದಿರಲಿಲ್ಲ. 1978ರಲ್ಲಿ ಬಂದ ಶಾಸನವೊಂದು ಮನೆಯಲ್ಲಿ ಸ್ವಂತಕ್ಕೆ ಬೀರು ಮಾಡಿಕೊಳ್ಳುವುದಕ್ಕೆ ಅವಕಾಶವಿತ್ತಿತು. ಆ ಕಾಲದಲ್ಲಿ ಕೊಲರಾಡೋದ ಬೌಲ್ಡರ್ ಪಟ್ಟಣದಲ್ಲಿ ಚಾರ್ಲಿ ಪಪೇಜಿಯನ್ ಎಂಬ ಶಾಲಾ ಉಪಾಧ್ಯಾಯನು ನೆರೆಹೊರೆಯವರಿಗೆ ಈ ವಿದ್ಯೆಯ ಪಾಠವನ್ನೂ ಹೇಳುತ್ತಿದ್ದನು. ಆತನ ಉದ್ಯಮದಿಂದ 1982ರಲ್ಲಿ ಬೌಲ್ಡರಿನ ಹೋಟೆಲೊಂದರಲ್ಲಿ ಮೊದಲ ಉತ್ಸವ ನಡೆಯಿತು. ಆಗ ಐವತ್ತು ಬಗೆಗಳೂ ಇರಲಿಲ್ಲ. ಬಂದ ಜನ ಸುಮಾರು ಎಂಟುನೂರು. ಎರಡು ವರ್ಷಗಳಲ್ಲಿ ಉತ್ಸವವು ಡೆನ್ವರಿಗೆ ಬಂದಿತು. ಈಗ ಆ ದೇಶದ ಭಟ್ಟಿಗಳ ಸಂಖ್ಯೆ ಒಂಬತ್ತು ಸಾವಿರವನ್ನು ಮೀರಿದೆ. ಉತ್ಸವದ ಸ್ಪರ್ಧೆಯಲ್ಲಿ ಬೀರನ್ನು ಸುಮಾರು ನೂರು ವರ್ಗಗಳಾಗಿ ವಿಂಗಡಿಸುವರು.

ಸಭಾಂಗಣದೊಳಕ್ಕೆ ಕಾಲಿಟ್ಟೊಡನೆ ಈತನಿಗೆ ಮೊದಲು ತೋರಿದುದು ಜಾತ್ರೆಯ ನೋಟ. ಮೇಜುಗಳ ಸಾಲಿನ ಹಿಂದೆ ಸಾಲು; ಒಂದೊಂದು ಮೇಜಿಗೂ ಒಂದೊಂದು ಊರಿನ ಹೆಸರು. ಗಂಟುಗಂಟಾಗಿ ಸುಟ್ಟ ಪ್ರೆಟ್ಸೆಲ್ ಎಂಬ ತಿಂಡಿಯನ್ನು ದಾರಕ್ಕೆ ಪೋಣಿಸಿ, ಕೋಡುಬಳೆಯ ಸರದಂತೆ ಕೊರಳಿಗೆ ಹಾಕಿಕೊಂಡು, ಗೌರವಸ್ಥರಾದ ಮುದುಕರು ನಡುನಡುವೆ ಅದನ್ನೇ ಕಡಿದು ತಿನ್ನುತ್ತಿದ್ದರು. ಯಾರ ಕೈಯಿಂದಲಾದರೂ ಬಟ್ಟಲು ಜಾರಿ ಬಿದ್ದರೆ ಸಭೆಯೆಲ್ಲವೂ ಒಕ್ಕೊರಲಿನಿಂದ ಕೂಗು ಹಾಕುತ್ತಿತ್ತು. ಆದರೆ ಈತನನ್ನು ಬೆರಗುಗೊಳಿಸಿದುದು ಅಳತೆ. ಒಂದು ಸಲಕ್ಕೆ ಹೊಯ್ಯುವುದು ಒಂದೇ ಔನ್ಸು. ಹಸುಗೂಸಿಗೆ ಹಾಲು ಹಾಕುವ ಒಳಲೆಯಷ್ಟು. ಅದರ ಮಗ್ಗುಲಲ್ಲಿಯೇ ಬಟ್ಟಲು ತೊಳೆಯಲು ನೀರಿನ ಹೂಜಿ. ಬೇಡವಾದುದನ್ನು ಚೆಲ್ಲಲು ಒಂದು ಬಕೀಟು. ಕುಡಿಯುವ ಸ್ಥಳದಲ್ಲಿ ಚೆಲ್ಲುವುದಕ್ಕೆಂದೇ ಪಾತ್ರೆಯಿಡುವರೆಂಬುದು ಆತನ ಕಲ್ಪನೆಗೆ ಎಂದೂ ಬಂದಿರಲಿಲ್ಲ.

ಸಹೋದ್ಯೋಗಿಯು ಕ್ರಮವನ್ನು ತಿಳಿಸಿದನು: ಮೊದಲು ಬಣ್ಣವನ್ನು ನೋಡಬೇಕು, ಆಮೇಲೆ ಮೂಸಬೇಕು, ಆಮೇಲೆ ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಬೇಕು, ಹಿಡಿಸಿತೋ ಇಲ್ಲವೋ ಬರೆದುಕೊಳ್ಳಬೇಕು, ತಿಳಿಯಿಂದ ಗಾಢಕ್ಕೆ ಹೋಗಬೇಕು, ಅತಿ ಕಹಿಯಾದುದನ್ನು ಕಡೆಗಿಡಬೇಕು. ಒಂದರ ಮೇಲೊಂದು ಹೀಗೆ ಸವಿದಂತೆ, ‘ಅದು’ ಎಂಬ ಒಂದೇ ಕಗ್ಗತ್ತಲೆಯು ಒಡೆದು ಹಲವು ಹೆಸರುಗಳಾಯಿತು.

ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ ಎಂಬ ಬಳ್ಳಿಯ ಹೂವು, ಹುದುಗೆಬ್ಬಿಸುವ ಯೀಸ್ಟು. ಮೂಲದ್ರವ್ಯಗಳು ಈ ನಾಲ್ಕೇ. ಆದರೆ ಬಾರ್ಲಿಯನ್ನು ಎಷ್ಟು ಹುರಿದರು, ಹೂವನ್ನು ಎಷ್ಟು ಹಾಕಿದರು, ಯೀಸ್ಟು ಬೆಚ್ಚಗೆ ಕೆಲಸ ಮಾಡಿತೋ ತಂಪಿನಲ್ಲಿ ಮಾಡಿತೋ ಎಂಬುದರಿಂದ ಜಾತಿಭೇದ. ಬೆಚ್ಚಗೆ ಬೇಗನೆ ಹುದುಗಿದುದು ಏಲ್; ತಂಪಿನಲ್ಲಿ ನಿಧಾನವಾಗಿ ಹುದುಗಿ ತಿಳಿಗೊಂಡುದು ಲಾಗರ್. 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ ಹುಟ್ಟಿದ ಹೊಂಬಣ್ಣದ ಪಿಲ್ಸ್ನರನ್ನು ಈತನು ಮೊದಲು ಸವಿದು, “ಒಣಹುಲ್ಲಿನ ವಾಸನೆ, ಕೊನೆಗೆ ಸ್ವಲ್ಪ ಕಹಿ” ಎಂದು ಬರೆದನು. ಬವೇರಿಯದ ರೀತಿಯ ಗೋಧಿ ಬೀರಿನಲ್ಲಿ ಬಾಳೆಯ ಹಣ್ಣಿನ ಪರಿಮಳವೂ ಲವಂಗದ ಪರಿಮಳವೂ ಇದ್ದವು. ಎರಡನ್ನೂ ಯಾರೂ ಹಾಕಿದುದಲ್ಲ, ಯೀಸ್ಟೇ ಹುಟ್ಟಿಸಿದುದು ಎಂದು ಕೇಳಿ ಮತ್ತೊಮ್ಮೆ ಮೂಸಿದನು. ಇಂಡಿಯಾ ಪೇಲ್ ಏಲ್ ಎಂಬುದರ ಮೇಜಿನ ಬಳಿ ಜನಸಂದಣಿಯು ಹೆಚ್ಚು. ಇಂಗ್ಲೆಂಡಿನಿಂದ ಕಲ್ಕತ್ತ, ಮದರಾಸು, ಮುಂಬಯಿಗಳ ಬಿಳಿಯರಿಗಾಗಿ ಹಡಗಿನಲ್ಲಿ ಹೋಗುತ್ತಿದ್ದ ಬೀರಿಗೆ, ಕೆಡದಿರಲೆಂದು ಹೂವನ್ನು ಹೆಚ್ಚು ಹಾಕುತ್ತಿದ್ದರು. ಅದರ ವಂಶವೇ ಇದು. ಅಮೆರಿಕೆಯವರು ತಮ್ಮ ನೆಲದ ಹಾಪ್ ಹಾಕಿ ಕಿತ್ತಳೆಯ ಸಿಪ್ಪೆಯ ಘಮವನ್ನು ಬರಿಸಿ, ಕಹಿಯನ್ನೂ ಏರಿಸಿದ್ದಾರೆ. ಈತನಿಗೆ ಹಾಗಲಕಾಯಿಯನ್ನು ಉಪ್ಪು ಹುಳಿಯಿಲ್ಲದೆ ಬೇಯಿಸಿ ಕುಡಿದಂತಾಯಿತು. ತನ್ನ ದೇಶದ ಹೆಸರನ್ನು ಹೊತ್ತುದೇ ತನಗೆ ಒಗ್ಗಲಿಲ್ಲವೆಂದು ನಕ್ಕನು.

ಹಿಡಿಸಿದವು ಎರಡು. ಒಂದು ಗೋಸ, ಜರ್ಮನಿಯ ಗೋಸ್ಲಾರ್ ಎಂಬ ಊರಿನಿಂದ ಹೆಸರು ಬಂದು, ಲೈಪ್ಸಿಗ್ ನಗರದಲ್ಲಿ ಬೆಳೆದ ಹಳೆಯ ಬಗೆ. ಅದರಲ್ಲಿ ಹುಳಿ, ಉಪ್ಪು, ಕೊತ್ತಂಬರಿ ಬೀಜ ಮೂರೂ ಇವೆ. ಗುಟುಕು ಇಳಿದೊಡನೆ ಬೇಸಗೆಯ ಮಧ್ಯಾಹ್ನ ತಾಯಿಯು ಹಿತ್ತಾಳೆಯ ಚೊಂಬಿನಲ್ಲಿ ಕೊಡುತ್ತಿದ್ದ ನೀರುಮಜ್ಜಿಗೆಯು ನೆನಪಾಯಿತು. ಇನ್ನೊಂದು ಪೋರ್ಟರ್, ಹದಿನೆಂಟನೆಯ ಶತಮಾನದ ಲಂಡನ್ನಿನ ಹಮಾಲರಿಗೆ ಮೆಚ್ಚಾಗಿ, ಅವರ ಹೆಸರನ್ನೇ ಪಡೆದ ಕಪ್ಪುಬಣ್ಣದ ಏಲ್. ಅದರಲ್ಲಿ ಆಗ ತಾನೇ ಹುರಿದ ಕಾಫಿಬೀಜದ, ಬಾಣಲೆಯಲ್ಲಿ ಸಿಡಿಯುವ ರಾಗಿಯ ವಾಸನೆ.

ಹೀಗೆ ಬಗೆಗಳನ್ನು ಎಣಿಸಿ ಹೆಸರಿಡುವುದು ಹೊಸ ಹವ್ಯಾಸವೇನೂ ಅಲ್ಲ. ಇಂದಿನ ವಿಂಗಡಣೆಗೆ ತಳಹದಿ ಹಾಕಿದವನು, ಗಾಯಕನ ಹೆಸರನ್ನೇ ಹೊತ್ತ ಮೈಕೆಲ್ ಜಾಕ್ಸನ್ ಎಂಬ ಇಂಗ್ಲಿಷ್ ಪತ್ರಕರ್ತನು. ಆತನ ಗ್ರಂಥವು 1977ರಲ್ಲಿ ಬಂದಿತು. ಆದರೆ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳ ಲಕ್ಷಣವೂ ದ್ರವ್ಯಗಳ ಅಳತೆಯೂ ಉಂಟು. ಶಾಸ್ತ್ರಕಾರನು ವಸ್ತುವನ್ನು ಮುಚ್ಚಿಡದೆ ಬಿಡಿಸಿ ಹೇಳಿದನು. ಅದಕ್ಕೆ ಅಧ್ಯಕ್ಷನನ್ನೂ ನೇಮಿಸಿದನು.

ಪರೀಕ್ಷೆಯು ಬಂದುದು ಇದಾದ ಮೇಲೆ. ಪೋರ್ಟರನ್ನು ಈತನು ಎರಡನೆಯ ಸಲವೂ ಕೇಳಿ ಸವಿದನು. ಕಿವಿಯ ತುದಿ ಬೆಚ್ಚಗಾಗಿತ್ತು. ಸಹೋದ್ಯೋಗಿಯೊಡನೆ ಏನೋ ಮಾತನಾಡುತ್ತಿದ್ದಂತೆಯೇ ತನ್ನ ಕೈಯು ಬಟ್ಟಲನ್ನು ಹಿಡಿದು ಮೂರನೆಯ ಸಲ ಮೇಜಿನ ಕಡೆಗೆ ಚಾಚಿರುವುದನ್ನು ಕಂಡನು. ಬೇಕೆಂದು ಚಾಚಿದುದಲ್ಲ, ಕೈಯು ತಾನಾಗಿ ಹೋಗಿತ್ತು. ಮೇಜಿನವನು ನಗುತ್ತ ಹೊಯ್ದನು. ಆ ಕ್ಷಣದಲ್ಲಿ ನೆಲದ ಮೇಲೆ ಚೆಲ್ಲಿದ್ದ ಬೀರಿನ ಹುಳಿವಾಸನೆಯು ಮೂಗಿಗೆ ಬಡಿಯಿತು. ಗೂಟಕ್ಕೆ ತೂಗಿದ ತಂದೆಯ ಅಂಗಿಯು ಕಣ್ಣಿಗೆ ಕಟ್ಟಿತು. ಪೊಟ್ಟಣವನ್ನು ನೀವುವ ಎರಡು ಬೆರಳುಗಳು ಬಟ್ಟಲನ್ನು ಹಿಡಿದ ತನ್ನ ಬೆರಳುಗಳ ಹಾಗೆಯೇ ಇದ್ದುವು. ಈತನು ಬಕೀಟಿನ ಬಳಿಗೆ ಹೋಗಿ ಬಟ್ಟಲನ್ನು ಬೋರಲು ಮಾಡಿದನು. ಕಪ್ಪುಹನಿಗಳು ಪೂರ್ತಿ ಇಳಿಯುವವರೆಗೆ ಹಾಗೆಯೇ ಹಿಡಿದು, ಹೂಜಿಯ ನೀರಿನಿಂದ ಎರಡು ಸಲ ತೊಳೆದನು. ಆಮೇಲೆ ನೀರನ್ನೇ ಕುಡಿದನು.

ಇದನ್ನು ವಿಜಯವೆಂದು ಹೇಳಿದರೆ ಅನ್ಯಾಯವಾದೀತು. ವಿಧಿ, ಮಾತ್ರೆ, ಕಾಲಗಳನ್ನು ಅರಿತು ನಡೆಯಬೇಕೆಂದು ಚರಕಸಂಹಿತೆಯು ಈ ವಿಷಯದಲ್ಲಿ ಬಹು ಹಿಂದೆಯೇ ಎಚ್ಚರಿಸಿದೆ. ಎಷ್ಟು ಕಡಿಮೆಯಾದರೂ ಮದ್ಯವು ದೇಹಕ್ಕೆ ನಿರಪಾಯವೆನ್ನುವಂತಿಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು: ಈ ವ್ಯಸನವನ್ನು ವೈದ್ಯರು ರೋಗವೆಂದು ಕರೆಯುವರು; ಅದರ ಒಲವಿನ ಒಂದು ಪಾಲು ವಂಶದಿಂದ ಬರುವುದೆನ್ನುವರು. ಆ ರೋಗವು ಹಿಡಿದವನಿಗೆ ಒಳಲೆಯ ಅಳತೆಯೂ ಸಣ್ಣದಲ್ಲ. ಚೆಲ್ಲುವ ಬಕೀಟನ್ನು ಸಾರಾಯಿ ಅಂಗಡಿಯಲ್ಲಿ ಇಟ್ಟಿದ್ದರೂ ಆ ಗುಮಾಸ್ತನಿಗೆ ಅದು ಕಾಣಿಸುತ್ತಿರಲಿಲ್ಲ. ಮಂಡಿಯ ಲೆಕ್ಕದಲ್ಲಿ ಕಾಸು ತಪ್ಪದವನು ಇಲ್ಲಿ ತಪ್ಪಿದುದು ಮನೆಯವರ ಮೇಲೆ ಪ್ರೀತಿಯಿಲ್ಲದೆಯೇ ಎಂದು ಮಗನು ಇಪ್ಪತ್ತೈದು ವರ್ಷ ನಂಬಿದ್ದನು. ಆ ಸಂಜೆ, ತನ್ನ ಕೈಯು ತನ್ನನ್ನು ಕೇಳದೆ ಮುಂದೆ ಹೋದುದನ್ನು ಕಂಡ ಮೇಲೆ, ತಂದೆಗೆ ಇಲ್ಲದೆ ಹೋದುದು ಪ್ರೀತಿಯೋ ಶಕ್ತಿಯೋ ಎಂಬ ಪ್ರಶ್ನೆಯು ಮೊದಲ ಬಾರಿಗೆ ಅವನಲ್ಲಿ ಹುಟ್ಟಿತು. ರುಚಿಯನ್ನು ತಿಳಿಯಲು ಹೋದವನಿಗೆ ದೊರೆತ ತಿಳಿವು ಅದು.

ಮನೆಗೆ ಬಂದಾಗ ರಾತ್ರಿ ಹತ್ತು ದಾಟಿತ್ತು; ಊರಿನಲ್ಲಿ ಮರುದಿನದ ಬೆಳಗು. ಕೊಟ್ಟ ಮಾತಿನಂತೆ ಫೋನು ಮಾಡಿ, ಗೋಸ, ಪೋರ್ಟರ್, ಕೊತ್ತಂಬರಿ, ರಾಗಿ ಎಲ್ಲವನ್ನೂ ಬಿಡದೆ ಹೇಳಿದನು. ಮೂರನೆಯ ಬಟ್ಟಲನ್ನೂ ಹೇಳಿದನು.

“ಅದನ್ನೇನು ಮಾಡಿದೆ?” ಎಂದು ತಾಯಿಯು ಕೇಳಿದಳು.

“ಚೆಲ್ಲಿದೆನಮ್ಮ.”

ಆ ಕಡೆಯಿಂದ ಸ್ವಲ್ಪ ಹೊತ್ತು ದನಿಯಿಲ್ಲ. ಅಂಗಳದಲ್ಲಿ ಯಾರೋ ಬಾವಿಯ ರಾಟೆಯನ್ನು ಎಳೆಯುವ ಸದ್ದು ಕೇಳಿಸುತ್ತಿತ್ತು.

“ಮೊದಲು ಊಟ ಮಾಡು, ಮಗೂ. ಹೊಟ್ಟೆಗೆ ಮಜ್ಜಿಗೆ ಹಾಕಿಕೋ” ಎಂದಳು.