ಮುಖ ಕಾಣದ ತರಗತಿ

ತರಗತಿಯಲ್ಲಿ ನಿಂತ ಮೇಷ್ಟ್ರಿಗೆ ಮಕ್ಕಳ ಮುಖವೇ ಕೈಪಿಡಿ. ಹಿಂದಿನ ಬೆಂಚಿನ ಹುಡುಗನ ಹುಬ್ಬು ಗಂಟಿಕ್ಕಿದರೆ ಸಾಕು, ಬೋರ್ಡು ಒರೆಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಇದು ವರ್ಷಗಳ ಅನುಭವ ಕಲಿಸಿದ ವಿದ್ಯೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ, ಪಾಠ ಮೊಬೈಲ್ ಪರದೆಗೆ ಬಂದಾಗ ಮೊದಲು ಮರೆಯಾದದ್ದು ಆ ಮುಖಗಳೇ. ಮೇಷ್ಟ್ರು ಮಾತಾಡಿದರು, ಮಕ್ಕಳು ಹಾಜರಿ ಹೇಳಿದರು. ಕಲಿತದ್ದೆಷ್ಟು ಎಂಬುದು ಎಷ್ಟೋ ಮನೆಗಳಲ್ಲಿ ಶಾಲೆ ಮತ್ತೆ ತೆರೆಯುವವರೆಗೂ ತಿಳಿಯಲಿಲ್ಲ.

ಹಾಗಾದರೆ ಮುಖ ಕಾಣದ ಕಡೆ ಪಾಠ ಹೇಳುವುದು ಹೇಗೆ? ಪಾಠ ವಿನ್ಯಾಸವೆಂಬ ಶಾಸ್ತ್ರ ಹುಟ್ಟಿದ್ದು ಮೊಬೈಲಿಗಿಂತ ಬಹಳ ಹಿಂದೆ. ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲೇ ಮೊದಲು ಗುರಿ, ಆಮೇಲೆ ಪಾಠ ಎಂದು ವಿವರಿಸಿದ್ದರು. 1962ರಲ್ಲಿ ರಾಬರ್ಟ್ ಮೇಗರ್ ಆ ಗುರಿಯನ್ನು ಬರೆಯುವ ಬಗೆ ತಿಳಿಸಿದರು. 'ವಿದ್ಯಾರ್ಥಿ ಅರ್ಥ ಮಾಡಿಕೊಳ್ಳುತ್ತಾನೆ' ಎಂದು ಬರೆದರೆ ಸಾಲದು. ಏನನ್ನು ಮಾಡಿ ತೋರಿಸಬಲ್ಲ ಎಂದು ಬರೆಯಬೇಕು.

ಸರಳ ಬಡ್ಡಿಯ ಪಾಠವನ್ನೇ ನೋಡಬಹುದು. ತಾಯಿ ಸ್ವಸಹಾಯ ಸಂಘದಿಂದ 5,000 ರೂಪಾಯಿ ಸಾಲ ತಂದರೆ, ವರ್ಷಕ್ಕೆ ಶೇಕಡಾ 12ರಂತೆ 2 ವರ್ಷಕ್ಕೆ ಬಡ್ಡಿ ಎಷ್ಟೆಂದು ಮಗಳು ಲೆಕ್ಕ ಹಾಕಬೇಕು. ಇದು ಗುರಿ. ಉತ್ತರ 1,200. ಹುಡುಗಿ 600 ಎಂದರೆ ವರ್ಷಗಳಿಂದ ಗುಣಿಸುವುದನ್ನು ಮರೆತಿರಬಹುದು; 6,200 ಎಂದರೆ ಅಸಲನ್ನೂ ಸೇರಿಸಿರಬಹುದು. ಒಳ್ಳೆಯ ಆನ್‌ಲೈನ್ ಪಾಠ ಇಂಥ ತಪ್ಪುಗಳನ್ನು ಮುಂಚೆಯೇ ಊಹಿಸಿ, ಒಂದೊಂದಕ್ಕೂ ಬೇರೆ ಬೇರೆ ವಿವರಣೆ ಇಟ್ಟಿರುತ್ತದೆ. ಬರೀ 'ತಪ್ಪು' ಎಂದು ಕೆಂಪು ಗುರುತು ಹಾಕಿ ಮುಂದೆ ಹೋಗುವುದಿಲ್ಲ. ಗಂಟಿಕ್ಕಿದ ಹುಬ್ಬನ್ನು ಮೇಷ್ಟ್ರು ಕಾಣಲಾರದ ಕಡೆ, ಆ ಕೆಲಸವನ್ನು ಪ್ರಶ್ನೆಗಳೇ ಮಾಡಬೇಕು.

ಇನ್ನು ಉದ್ದದ ಮಾತು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಡ್‌ಎಕ್ಸ್ ತಾಣದಲ್ಲಿ ವಿದ್ಯಾರ್ಥಿಗಳು ಸುಮಾರು 69 ಲಕ್ಷ ಬಾರಿ ವಿಡಿಯೊ ಪಾಠ ನೋಡಿದ ದಾಖಲೆಗಳನ್ನು ಪರಿಶೀಲಿಸಿತು. ವಿಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯ ವಿದ್ಯಾರ್ಥಿಯ ಗಮನ ಆರು ನಿಮಿಷ ದಾಟಿರಲಿಲ್ಲ. ಆದ್ದರಿಂದ ಮುಕ್ಕಾಲು ಗಂಟೆಯ ಪಾಠವನ್ನು ಹಾಗೇ ಪರದೆಗೆ ಏರಿಸುವ ಬದಲು ತುಂಡು ಮಾಡಿ, ನಡುನಡುವೆ ಪ್ರಶ್ನೆ ಕೇಳುವುದು ಲೇಸು. ಆ ಪ್ರಶ್ನೆಗಳು ಪರೀಕ್ಷೆಗಷ್ಟೇ ಅಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ವಾರದ ನಂತರ ಮುಂದಿದ್ದರು.

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಕೋರ್ಸುಗಳ ರಚನೆಯಲ್ಲೂ ವಿಡಿಯೊ ನಾಲ್ಕರಲ್ಲಿ ಒಂದು ಭಾಗ ಮಾತ್ರ. ಓದಲು ಬರಹ, ಸಂದೇಹಕ್ಕೆ ಚರ್ಚೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಪ್ರಶ್ನೆಗಳು ಉಳಿದ ಮೂರು.

ಹಣ ಕಟ್ಟಿ ಆನ್‌ಲೈನ್ ಕೋರ್ಸಿಗೆ ಸೇರಿಸುವ ಪಾಲಕರು ಚೆಂದದ ಚಿತ್ರ, ಜೋರು ಸಂಗೀತ ನೋಡಿ ಮರುಳಾಗಬೇಕಿಲ್ಲ. ಕೋರ್ಸು ಮುಗಿದಾಗ ಮಗು ಏನು ಮಾಡಬಲ್ಲುದು, ಅದನ್ನು ತಿಳಿಯುವುದು ಹೇಗೆ, ತಪ್ಪಿದರೆ ತಿದ್ದುವವರಾರು ಎಂಬ ಮೂರು ಪ್ರಶ್ನೆ ಕೇಳಿದರೆ ಗಟ್ಟಿಯಾವುದು, ಜೊಳ್ಳು ಯಾವುದು ತಿಳಿದೀತು. ಇದಕ್ಕೆ ತಂದೆ ತಾಯಿ ಹೆಚ್ಚು ಓದಿರಬೇಕೆಂದೇನೂ ಇಲ್ಲ. ಸಂಜೆ 'ಎಷ್ಟು ಹೊತ್ತು ಕೂತಿದ್ದೆ?' ಎನ್ನುವ ಬದಲು 'ಇವತ್ತು ಕಲಿತದ್ದನ್ನು ಮಾಡಿ ತೋರಿಸು, ನೋಡೋಣ' ಎಂದರೂ ಸಾಕು. ಮಗು ತಡವರಿಸಿದರೆ ಬೈಯಬೇಕಾಗಿಲ್ಲ. ನಾಳೆಯ ಪಾಠ ಎಲ್ಲಿಂದ ಆರಂಭವಾಗಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ.